ಒಂದು ರಾತ್ರಿ, ಮೇಲಿನ ಮಹಡಿಯಲ್ಲಿ

ಇಪ್ಪತ್ತೆರಡು ವರ್ಷ ಈ ಹೋಟೆಲಿನ ನೆಲಮಾಳಿಗೆಯಲ್ಲಿ
ಚಾದರ ಒಗೆದೆ, ಹಿಂಡಿದೆ, ಇಸ್ತ್ರಿ ಹಾಕಿದೆ.
ಕೆಲಸ ಬಿಡುವ ದಿನ ಮ್ಯಾನೇಜರ್ ಇರಾಕ್ಲಿ
ಕೈಯಲ್ಲೊಂದು ಕಾರ್ಡು ಇಟ್ಟ:
ನಾಜಿಬ್ರೋಲಾ, ಈ ರಾತ್ರಿ ನೀವೇ ಅತಿಥಿ.
ಮುನ್ನೂರ ಹನ್ನೆರಡು. ಉಷ್ಬಾ ಕಾಣುವ ಕೋಣೆ.

ಉಷ್ಬಾ! ನಾನು ಹುಟ್ಟಿದಾಗಿನಿಂದ
ನಮ್ಮ ಕೊಟ್ಟಿಗೆಯ ಹಿಂದೆಯೇ ನಿಂತಿದೆ
ಎರಡು ಕೋಡಿನ ಬಿಳಿ ಎತ್ತು, ಹುಲ್ಲು ಕೇಳದೆ.
ಇಲ್ಲಿ ಅದನ್ನು ಕಿಟಕಿಗೆ ಕಟ್ಟಿಹಾಕಿ
ರಾತ್ರಿಗಿಷ್ಟು ಎಂದು ಬಾಡಿಗೆಗೆ ಬಿಟ್ಟಿದ್ದಾರೆ.

ಪಕ್ಕದ ಮನೆಯ ಗೆಲಾ, ಹಿತ್ತಾಳೆ ಗುಂಡಿಯ ಕೋಟಿನಲ್ಲಿ,
ನನ್ನ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಲಿ ಹೊತ್ತು ಬಂದ.
(ಒಳಗೊಂದು ನೈಟಿ, ಅರ್ಧ ಮಾಂಸದ ರೊಟ್ಟಿ.
ಇವರ ದೊಡ್ಡ ತಟ್ಟೆಯ ಊಟ ನಂಬುವಂಥದ್ದಲ್ಲ.)
ಭಕ್ಷೀಸು ಕೊಡಬೇಕೇನೋ ಎಂದು ಸೆರಗು ತಡಕಿದರೆ
ಮುಖ ಕೆಂಪಗೆ ಮಾಡಿಕೊಂಡು ಓಡಿದ.
ಪ್ಲಮ್ ಕದ್ದದ್ದಕ್ಕೆ ಇವನ ಕಿವಿ ಹಿಂಡಿದವಳು ನಾನೇ.

ಸ್ನಾನದ ತೊಟ್ಟಿಯಲ್ಲಿ ಕರುವೊಂದನ್ನು ಮೀಯಿಸಬಹುದು.
ಸೌದೆಯಿಲ್ಲ, ಹೊಗೆಯಿಲ್ಲ, ತಿರುಗಿಸಿದರೆ ಬಿಸಿನೀರು.
ಕುತ್ತಿಗೆವರೆಗೂ ಇಳಿದೆ.
ಕೈಗಳು ಮಾತ್ರ ಅಂಚಿನ ಮೇಲೇ ಉಳಿದವು,
ಬ್ಲೀಚು ತಿಂದ ಕೈಗಳು, ನೀರೆಂದರೆ ಕೆಲಸ ಎಂದು ತಿಳಿದವು.
ಬನ್ನಿ ಎಂದೆ. ಇವತ್ತು ಒಗೆಯುವುದೇನೂ ಇಲ್ಲ, ಬನ್ನಿ.
ತುಸು ಹೊತ್ತು ನಂಬಲಿಲ್ಲ.
ಆಮೇಲೆ ಒಂದೊಂದಾಗಿ ಬಂದವು.

ಬಾಲ್ಕನಿಯಿಂದ ಊರು ಕಂಡಿತು.
ನನ್ನ ಮನೆಯನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು:
ಕಡ್ಡಿಪೆಟ್ಟಿಗೆಯಷ್ಟು, ಒಳಗೊಂದೇ ಕಡ್ಡಿ ಉರಿಯುತ್ತ.
ತಂಗಿ ದಾರಿಕೋ ಹಸುವಿಗೆ ಹುಲ್ಲು ಹಾಕಿದಳೋ ಇಲ್ಲವೋ.
ಪಕ್ಕದಲ್ಲಿ ನಮ್ಮ ಹಿರಿಯರ ಕಲ್ಲು ಗೋಪುರ.
ಹಗೆಯವರಿಗೆ ಅಂಜಿ ಏಳು ತಲೆಮಾರು
ಏಣಿ ಮೇಲೆಳೆದುಕೊಂಡು ಕೂತ ಗೋಪುರ.
ಇಲ್ಲಿ ಬಾಗಿಲ ಹಿಡಿಗೆ ಒಂದು ರಟ್ಟು ನೇತುಹಾಕಿದರಾಯಿತು:
ತೊಂದರೆ ಕೊಡಬೇಡಿ.
ಅಜ್ಜ ನೋಡಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದ.
ನಾನೂ ನೇತುಹಾಕಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಚಾಚಿದೆ. ಹಾಸಿಗೆ ಮುಗಿಯಲೇ ಇಲ್ಲ.

ಈ ಕೋಣೆಗಳಲ್ಲಿ ಮಲಗಿದವರ ಮುಖ ನಾನರಿಯೆ,
ನಿದ್ದೆ ಮಾತ್ರ ಬಲ್ಲೆ:
ಮಂಚದ ಅಂಚಿಗೆ ಒತ್ತಿಕೊಂಡು ಮಲಗಿದ ಗಂಡ,
ದಿಂಬಿಗೆ ಕಾಡಿಗೆ ಇಳಿಸಿ ಅತ್ತವಳು,
ಅರ್ಧ ಹಾಸಿಗೆಯ ಗೆರೆಯನ್ನೂ ಕೆಡಿಸದೆ ಹೋದ ಒಂಟಿ,
ಚಾಕೊಲೇಟು ಮೆತ್ತಿದ ಮಕ್ಕಳು.
ಎಲ್ಲವನ್ನೂ ಓದಿ, ತೊಳೆದು, ಮಡಚಿಟ್ಟೆ.
ಯಾರಿಗೂ ಹೇಳಲಿಲ್ಲ. ಕೇಳುವವರೂ ಇರಲಿಲ್ಲ.

ಮಗ್ಗುಲಾದಾಗ ಬೆರಳಿಗೇನೋ ತಡೆಯಿತು.
ದೀಪ ಹಾಕಿ ನೋಡಿದೆ.
ಚಾದರದ ಮೂಲೆಯಲ್ಲಿ ಮೂರಂಗುಲ ಹೊಲಿಗೆ:
ಬೆಖಾನ್ ತೀರಿಕೊಂಡ ಚಳಿಗಾಲ,
ಯಂತ್ರ ಕಚ್ಚಿ ಹರಿದದ್ದು,
ಬಿಳಿ ನೂಲು ಮುಗಿದು ಕೆನೆಬಣ್ಣದಲ್ಲಿ ಹಾಕಿದ್ದೆ.
ಸಂಬಳದಲ್ಲಿ ಹಿಡಿಯುತ್ತಾರೆಂದು ಹೆದರಿ
ಅಷ್ಟು ಸಣ್ಣಗೆ, ಅಷ್ಟು ಒತ್ತಾಗಿ.
ಎಷ್ಟು ಜನ ಇದರ ಮೇಲೆ ಕನಸು ಕಂಡರೋ,
ಒಂದು ಎಳೆಯೂ ಸಡಿಲವಾಗಿಲ್ಲ.
ಅದರ ಮೇಲೆ ಕೆನ್ನೆಯಿಟ್ಟು ಮಲಗಿದೆ.

ಎಚ್ಚರವಾದಾಗ ಒಂಬತ್ತೂವರೆ.
ಒಂಬತ್ತೂವರೆ! ಹೆರಿಗೆಯ ಮರುದಿನವೂ
ಆರಕ್ಕೆ ಎದ್ದವಳು ನಾನು.
ಎತ್ತು ಕಿಟಕಿಯಲ್ಲಿ ಬಿಸಿಲು ಮೇಯುತ್ತಿತ್ತು.
ಚಾದರ ಎಳೆದು ಸುತ್ತಲು ಕೈ ತಾನೇ ಮುಂದಾಯಿತು,
ಹಿಂದಕ್ಕೆಳೆದುಕೊಂಡೆ.
ಸಣ್ಣ ಸೋಪು ಎರಡು ಚೀಲಕ್ಕೆ ಹಾಕಿಕೊಂಡೆ,
ಅದು ಎಲ್ಲರೂ ಮಾಡುವುದೇ.

ತಮ್ರಿಕೋ, ಹೊಸದಾಗಿ ಬಂದವಳೇ,
ಮುನ್ನೂರ ಹನ್ನೆರಡರ ಮುದ್ದೆ ಕೆಳಗಿಳಿದಾಗ ನೋಡು:
ನಡುವೆ ಅಡ್ಡಾದಿಡ್ಡಿ ಮಲಗಿದ ಗುರುತಿದೆ, ಅದು ನನ್ನದು.
ದಿಂಬಿನ ಬಳಿ ರೊಟ್ಟಿಯ ಚೂರು,
ನಮ್ಮ ಉಪ್ಪಿನ ಹಳದಿ ಕಲೆ.
ಮೊದಲು ತಣ್ಣೀರಲ್ಲಿ ನೆನೆಹಾಕು.
ಬಿಸಿನೀರು ತಾಕಿದರೆ ಅದು ಹೋಗುವುದಿಲ್ಲ.